ಶಾಲೆಯಲ್ಲಿ ಮಾನಸಿಕ ಆರೋಗ್ಯ: ಈ ಕೆಲಸ ಯಾರದು?

1896ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಶಿಕ್ಷಕಿ ಮಾರ್ಗರೆಟ್ ಮ್ಯಾಗ್ವೈರ್, 14 ವರ್ಷದ ಹುಡುಗನೊಬ್ಬನನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲೈಟ್ನರ್ ವಿಟ್ಮರ್ ಅವರ ಬಳಿಗೆ ಕರೆತಂದರು. ಬುದ್ಧಿ ಚುರುಕಾಗಿದ್ದರೂ ಹುಡುಗನಿಗೆ ಸ್ಪೆಲಿಂಗ್ ಬರುತ್ತಿರಲಿಲ್ಲ. ಪರೀಕ್ಷಿಸಿದಾಗ ಅವನ ದೃಷ್ಟಿಯಲ್ಲಿ ದೋಷವಿದ್ದುದು ತಿಳಿಯಿತು. ಕನ್ನಡಕ ಕೊಡಿಸಿ, ವಿಶೇಷ ಪಾಠದ ಏರ್ಪಾಡು ಮಾಡಲಾಯಿತು. ವಿಟ್ಮರ್ ಅದೇ ವರ್ಷ ಆರಂಭಿಸಿದ ಚಿಕಿತ್ಸಾಲಯವನ್ನು ಜಗತ್ತಿನ ಮೊದಲ ಮನೋವೈಜ್ಞಾನಿಕ ಕ್ಲಿನಿಕ್ ಎನ್ನುತ್ತಾರೆ. ಅಲ್ಲಿಗೆ ಮೊದಲ ಪ್ರಕರಣ ಬಂದದ್ದು ಶಿಕ್ಷಕಿಯೊಬ್ಬರ ಮೂಲಕ ಎಂಬುದು ಗಮನಾರ್ಹ.

1913ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ತನ್ನ ಶಾಲೆಗಳಿಗಾಗಿ ಸಿರಿಲ್ ಬರ್ಟ್ ಎಂಬ ಮನೋವಿಜ್ಞಾನಿಯನ್ನು ನೇಮಿಸಿತು. ಎರಡೂ ಕಡೆ ವಿಧಾನ ಒಂದೇ. ತೊಂದರೆಯಲ್ಲಿರುವ ಮಗುವನ್ನು ಶಾಲೆ ಗುರುತಿಸುವುದು, ತಜ್ಞರು ಪರೀಕ್ಷಿಸುವುದು.

ತಜ್ಞರೇ ವಿರಳವಾಗಿರುವ ನಮ್ಮಂಥ ದೇಶಕ್ಕೆ ಈ ವಿಧಾನ ಸಾಲದು. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ, ಸಮೀಪದ ಸಕಲವಾರ ಗ್ರಾಮದ ಕೇಂದ್ರದಲ್ಲಿ ಮಾನಸಿಕ ಆರೋಗ್ಯದ ಪ್ರಾಥಮಿಕ ತಿಳಿವಳಿಕೆಯನ್ನು ಆರೋಗ್ಯ ಕಾರ್ಯಕರ್ತರಿಗೆ ಕಲಿಸಿತು. ಇದೇ ತರ್ಕ ಶಾಲೆಗೂ ಅನ್ವಯಿಸುತ್ತದಲ್ಲವೇ? ಸಂಸ್ಥೆಯ ಮನೋವಿಜ್ಞಾನಿ ಮಾಲವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು ಶಿಕ್ಷಕರಿಗೆ ತರಬೇತಿ ನೀಡುವ ಕೆಲಸವನ್ನು ಬೆಳೆಸಿದರು. ಭಾರತೀಯ ಶಾಲೆಗಳಲ್ಲಿ ಮಾನಸಿಕ ಆರೋಗ್ಯ ಕುರಿತ ಅವರ ಗ್ರಂಥ 1997ರಲ್ಲಿ ಪ್ರಕಟವಾಯಿತು.

ಈ ನಡುವೆ, 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಾಲೆಗಳಿಗಾಗಿ 'ಜೀವನ ಕೌಶಲ'ಗಳ ಶಿಕ್ಷಣವನ್ನು ಮುಂದಿಟ್ಟಿತು. ನಿರ್ಧಾರ ಕೈಗೊಳ್ಳುವುದು, ಒತ್ತಡ ನಿಭಾಯಿಸುವುದು, ಇತರರ ಭಾವನೆ ಅರಿಯುವುದು ಮೊದಲಾದ ಹತ್ತು ಕೌಶಲಗಳು ಅದರಲ್ಲಿವೆ. ತೊಂದರೆಯಾದ ಮೇಲೆ ಒಬ್ಬನನ್ನು ಗುರುತಿಸುವ ಬದಲು ಇಡೀ ತರಗತಿಯನ್ನು ಮುಂಚೆಯೇ ಸಜ್ಜುಗೊಳಿಸುವ ಕ್ರಮವಿದು. ಇದನ್ನು ಅನುಸರಿಸಿ ನಿಮ್ಹಾನ್ಸ್ ಪ್ರೌಢಶಾಲೆಗಳಿಗಾಗಿ, ಶಿಕ್ಷಕರೇ ನಡೆಸುವ ಕಾರ್ಯಕ್ರಮವನ್ನು ರೂಪಿಸಿತು.

ಅದರ ಫಲವೇನು? ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರ್ಯಕ್ರಮ ನಡೆದ ಎರಡು ಶಾಲೆಗಳ 605 ವಿದ್ಯಾರ್ಥಿಗಳನ್ನು ಹತ್ತಿರದ ಎರಡು ಶಾಲೆಗಳ 423 ಮಂದಿಯೊಂದಿಗೆ ಹೋಲಿಸಲಾಯಿತು. ಒಂದು ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಆತ್ಮಗೌರವ, ಸಮಸ್ಯೆ ನಿಭಾಯಿಸುವ ಬಗೆ, ಶಿಕ್ಷಕರೊಂದಿಗಿನ ಹೊಂದಾಣಿಕೆ ಉತ್ತಮವಾಗಿದ್ದವು. ಆದರೆ ಮಾನಸಿಕ ತೊಂದರೆಗಳ ಲಕ್ಷಣಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮನೆಯವರೊಂದಿಗೆ, ಓರಗೆಯವರೊಂದಿಗೆ ಹೊಂದಿಕೊಳ್ಳುವುದರಲ್ಲೂ ಅಷ್ಟೇ. ಕಾರ್ಯಕ್ರಮವನ್ನು ಹೊಗಳುವವರು ಈ ಎರಡನೆಯ ಭಾಗವನ್ನು ಮರೆಯುವುದುಂಟು!

ಮುಂದಿನ ಫಲಿತಾಂಶ ಇನ್ನೂ ಕುತೂಹಲಕರ. ಬಿಹಾರದ ನಳಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 'ಸೆಹೆರ್' ಎಂಬ ಪ್ರಯೋಗ ನಡೆಯಿತು. 75 ಶಾಲೆಗಳನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಲಾಯಿತು. ಒಂದರಲ್ಲಿ ತರಬೇತಿ ಪಡೆದ, ವೃತ್ತಿಪರರಲ್ಲದ ಆಪ್ತಸಲಹೆಗಾರರು. ಇನ್ನೊಂದರಲ್ಲಿ ಅದೇ ಶಾಲೆಯ ಶಿಕ್ಷಕರು. ಮೂರನೆಯದರಲ್ಲಿ ಎಂದಿನ ಪಾಠಕ್ರಮ ಮಾತ್ರ. ಚಟುವಟಿಕೆಗಳು ಸರಳ: ಗೋಡೆ ಪತ್ರಿಕೆ, ಪ್ರಾರ್ಥನೆಯ ವೇಳೆಯ ಮಾತುಕತೆ, ಮನಸ್ಸಿನಲ್ಲಿದ್ದುದನ್ನು ಬರೆದು ಹಾಕುವ ಪೆಟ್ಟಿಗೆ, ಬೇಕಾದವರಿಗೆ ಪ್ರತ್ಯೇಕ ಸಲಹೆ. 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿ, ಖಿನ್ನತೆಯ ಲಕ್ಷಣಗಳೂ ಪೀಡನೆಯೂ ಕಡಿಮೆಯಾಗಿದ್ದವು. ಶಿಕ್ಷಕರು ನಡೆಸಿದ ಶಾಲೆಗಳು ಮೂರನೆಯ ಗುಂಪಿಗಿಂತ ಭಿನ್ನವಾಗಿರಲಿಲ್ಲ.

ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕನ್ನು ತೋರುತ್ತದೆ. ಹೊರಗಿನ ತರಬೇತುದಾರರು ವಿದ್ಯಾರ್ಥಿಗಳೊಂದಿಗೆ ನೇರವಾಗಿ ನಡೆಸಿದ ಚರ್ಚೆ ಮತ್ತು ಅಭಿನಯದಿಂದ ವರ್ಷದೊಳಗೆ ಆತ್ಮಹತ್ಯಾ ಯತ್ನಗಳು ಸುಮಾರು ಅರ್ಧಕ್ಕಿಳಿದಿದ್ದವು. ಅಪಾಯದ ಚಿಹ್ನೆ ಗುರುತಿಸಲು ಶಿಕ್ಷಕರಿಗೆ ತರಬೇತಿ ಕೊಟ್ಟಷ್ಟರಿಂದಲೇ ಗಮನಾರ್ಹ ಪರಿಣಾಮ ಕಾಣಲಿಲ್ಲ.

ಇದರಿಂದ ಶಿಕ್ಷಕರು ಅಸಮರ್ಥರೆಂದು ತೀರ್ಮಾನಿಸುವುದು ಅವಸರವಾದೀತು. ಪಾಠ, ಪರೀಕ್ಷೆ, ಬಿಸಿಯೂಟ, ಗಣತಿಗಳ ನಡುವೆ ಅವರಿಗೆ ಬಿಡುವು ಎಲ್ಲಿ? ಅಂಕ ಕೊಡುವ ಗುರುಗಳೆದುರು ಮನಸ್ಸು ಬಿಚ್ಚಲು ಹದಿಹರೆಯದವರು ಹಿಂಜರಿಯುವುದೂ ಸಹಜ. ಬಿಹಾರದ ಸಲಹೆಗಾರರಿಗೆ ಬೇರೆ ಕೆಲಸದ ಹೊರೆ ಇರಲಿಲ್ಲ, ಅಂಕದ ಅಧಿಕಾರವೂ ಇರಲಿಲ್ಲ.

2020ರ ಫೆಬ್ರುವರಿಯಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು 'ಆರೋಗ್ಯ ರಾಯಭಾರಿ'ಗಳಾಗಿ ಆರಿಸಬೇಕೆನ್ನುತ್ತದೆ. ಅದರ 11 ವಿಷಯಗಳಲ್ಲಿ ಮಾನಸಿಕ ಆರೋಗ್ಯವೂ ಒಂದು. ಆ ಇಬ್ಬರ ವೇಳಾಪಟ್ಟಿಯಿಂದ ಯಾವ ಕೆಲಸವನ್ನು ತೆಗೆಯಬೇಕೆಂಬುದನ್ನು ಮುಖ್ಯೋಪಾಧ್ಯಾಯರು ಮೊದಲೇ ನಿರ್ಧರಿಸುವುದು ಒಳ್ಳೆಯದು.