ಮಲ್ಲತ್ತಹಳ್ಳಿಯ ಮೂರು ಒತ್ತುಗಳು

ಬೆಂಗಳೂರಿನ ಪಡುವಣ ಅಂಚಿನಲ್ಲಿ, ನಾಗರಭಾವಿಗೆ ಆಚೆ, ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಮಗ್ಗುಲಿಗೆ ಮಲ್ಲತ್ತಹಳ್ಳಿ ಎಂಬ ಊರಿರುವುದನ್ನು ತಾವು ಬಲ್ಲಿರಿ. ಊರೆನ್ನುವುದು ಈಗ ವಾಡಿಕೆಯ ಮಾತು ಮಾತ್ರ. 70 ಎಕರೆಗೂ ಮಿಕ್ಕ ಕೆರೆಯೊಂದನ್ನು ಬಿಟ್ಟರೆ ಹಳ್ಳಿಯ ಗುರುತು ಹೆಚ್ಚೇನೂ ಉಳಿದಿಲ್ಲ. ಈ ಹೆಸರನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿರಿ. ಇರುವುದು ಐದೇ ಅಕ್ಷರ. ಅವುಗಳಲ್ಲಿ ಮೂರಕ್ಕೆ ಒತ್ತು. ಲಕಾರದ ಒತ್ತು, ತಕಾರದ ಒತ್ತು, ಳಕಾರದ ಒತ್ತು. ಹೆಸರಿನ ವ್ಯುತ್ಪತ್ತಿಯ ಗೋಜಿಗೆ ನಾನು ಹೋಗುವುದಿಲ್ಲ. ಪಂಡಿತರಿಗೆ ಆ ಚಪಲ ಸಹಜವಾದರೂ ಇಂದು ಬೇಡ. ನನ್ನ ವಿಷಯ ಆ ಒತ್ತುಗಳದ್ದು, ಮತ್ತು ಅವನ್ನು ಬರೆಯುವ ವಿದ್ಯೆಯದ್ದು.

ಕಳೆದ ಬೇಸಗೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಮಗಳನ್ನು ಕರೆದುಕೊಂಡು ಮನೆಗೆ ಬಂದ. ಹೆಸರು ಬೇಡ. ಮಲ್ಲತ್ತಹಳ್ಳಿಯಲ್ಲಿಯೇ ಅವನ ವಾಸ, ಅಂಗಡಿ ಬೋರ್ಡು ಬರೆಯುವುದು ಅವನ ಕಸುಬಾಗಿತ್ತು. ಮಗಳು ಪಿ.ಯು.ಸಿ. ಮುಗಿಸಿದ್ದಾಳೆ, ಗ್ರಾಫಿಕ್ ಡಿಸೈನ್ ಎಂಬುದರಲ್ಲಿ ಪದವಿ ಓದಬೇಕೆಂದು ಹಟ ಹಿಡಿದಿದ್ದಾಳೆ. "ಮೇಷ್ಟ್ರೇ, ಇದೂ ಒಂದು ಓದೇ? ನಾಲ್ಕು ವರ್ಷ ಕಲಿಯುವಂಥಾದ್ದು ಇದರಲ್ಲಿ ಏನಿದೆ?" ಎಂದು ಅವನು ಕೇಳಿದ. ಆ ಪ್ರಶ್ನೆ ನನ್ನನ್ನು ಚುಚ್ಚಿತು. ಕಾರಣವನ್ನು ಆಮೇಲೆ ಹೇಳುತ್ತೇನೆ.

ಮೊದಲು ಮಾತಿನ ಅರ್ಥವನ್ನು ನೋಡೋಣ. ಗ್ರಾಫಿಕ್ ಎಂಬುದು ಗ್ರೀಕರ ಧಾತುವಿನಿಂದ ಬಂದದ್ದು. ಗೀರು, ಬರೆ ಎಂದು ಅದರ ಅರ್ಥ. ನಮ್ಮ ಕನ್ನಡದಲ್ಲಿಯಾದರೋ ಕಾಗದ ಬರೆಯುವುದಕ್ಕೂ ಚಿತ್ರ ಬರೆಯುವುದಕ್ಕೂ ಒಂದೇ ಕ್ರಿಯಾಪದ. ಬಾಗಿಲ ಮುಂದೆ ರಂಗೋಲಿ ಬರೆದ ಕೈಯೇ ಅಂಗಡಿಯ ಚೀಟಿಯನ್ನೂ ಬರೆಯುತ್ತದೆ. ಅಕ್ಷರವೂ ಚಿತ್ರವೇ ಎಂಬ ತಿಳಿವಳಿಕೆ ಈ ಭಾಷೆಯ ಹೊಟ್ಟೆಯಲ್ಲಿಯೇ ಇದೆ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರನ್ನೂ ಕನ್ನಡ ಮೇಷ್ಟರನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದವರು ನಾವು.

ಹಲ್ಮಿಡಿಯ ಶಾಸನವನ್ನು ನೆನೆಯಿರಿ. ಕ್ರಿ.ಶ. ಸುಮಾರು 450ರದೆಂದು ಎಣಿಸುವ ಈ ಶಿಲಾಲೇಖವನ್ನು ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಪ್ರಕಟಪಡಿಸಿದರು. ಅದರಲ್ಲಿಯ ಅಕ್ಷರಗಳನ್ನು ಇಂದಿನ ಹುಡುಗರಿಗೆ ತೋರಿಸಿದರೆ ಕನ್ನಡವೆಂದು ಒಪ್ಪುವುದಿಲ್ಲ. ಬಾದಾಮಿಯ ಬಂಡೆಯ ಮೇಲಣ ಕಪ್ಪೆ ಅರಭಟ್ಟನ ಶಾಸನಕ್ಕೆ ಬರುವಷ್ಟರಲ್ಲಿ, ಎಂದರೆ ಸುಮಾರು 700ರ ವೇಳೆಗೆ, ಅಕ್ಷರಕ್ಕೆ ದುಂಡುತನವೂ ಸಾಲಿಗೆ ಓರಣವೂ ಬಂದಿರುವುದನ್ನು ಕಾಣುತ್ತೇವೆ. ತಾಳೆಗರಿಯ ಮೇಲೆ ಕಂಟದಿಂದ ಅಡ್ಡಗೆರೆ ಎಳೆದರೆ ಗರಿ ಸೀಳುತ್ತದೆ. ಆದುದರಿಂದಲೇ ನಮ್ಮ ಲಿಪಿ ದುಂಡಗಾಯಿತೆಂದು ವಿದ್ವಾಂಸರು ವಿವರಿಸುತ್ತಾರೆ. ಶಾಸನದ ಕಲ್ಲನ್ನು ಕಂಡರಿಸಿದವರು ಕೇವಲ ಕೂಲಿಯಾಳುಗಳೆಂದು ತಿಳಿಯಬೇಡಿರಿ. ಶ್ರವಣಬೆಳಗೊಳದಲ್ಲಿ ಗಂಗಾಚಾರಿಯೆಂಬ ರೂವಾರಿಯ ಹೆಸರು ಬಿರುದಿನ ಸಮೇತ ಕಲ್ಲಿನ ಮೇಲೆಯೇ ಇದೆ. ಹೊಯ್ಸಳ ಗುಡಿಗಳಲ್ಲಿ ಮಲ್ಲಿತಮ್ಮ, ದಾಸೋಜ ಮೊದಲಾದವರು ತಮ್ಮ ಕೆಲಸಕ್ಕೆ ತಾವೇ ರುಜು ಹಾಕಿದ್ದಾರೆ. ಒಂಬತ್ತು ಶತಮಾನಗಳ ಹಿಂದೆ ಅಕ್ಷರ ಕೆತ್ತಿದವನಿಗೆ ಬಿರುದಿತ್ತು. ಇಂದು ಆ ವಿದ್ಯೆ ಕಲಿಯುತ್ತೇನೆಂದರೆ ತಂದೆತಾಯಿಗಳಿಗೆ ಆತಂಕ!

ಅಚ್ಚಿನ ಕಾಲಕ್ಕೆ ಬನ್ನಿ. ವಿಲಿಯಂ ಕ್ಯಾರಿ ಅವರ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಆದರೆ ನನಗೆ ಬಲು ಪ್ರಿಯವಾದ ಕಥೆ ಮಂಗಳೂರಿನದು. ಬಾಸೆಲ್ ಮಿಷನ್ನಿನವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನಿಟ್ಟರು. ಹರ್ಮನ್ ಮೋಗ್ಲಿಂಗ್ ಅವರ "ಮಂಗಳೂರ ಸಮಾಚಾರ" 1843ರ ಜುಲೈ 1ರಂದು ಹೊರಬಿದ್ದುದು ಆ ಕಲ್ಲಿನಿಂದಲೇ. ಕಲ್ಲಚ್ಚು ಎಂದರೆ ಏನು? ನಯಗೊಳಿಸಿದ ಸುಣ್ಣಗಲ್ಲಿನ ಮೇಲೆ ಜಿಡ್ಡುಮಸಿಯಲ್ಲಿ ಬರೆದ ಅಕ್ಷರ ಮೂಡುವಂತೆ ಮಾಡುವುದು. ಆಮೇಲೆ ಕಲ್ಲನ್ನು ನೀರಿನಿಂದ ಒದ್ದೆಮಾಡಿದರೆ ಜಿಡ್ಡಿರುವಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ, ಉಳಿದೆಡೆ ನೀರು ಅದನ್ನು ತಳ್ಳುತ್ತದೆ. ಅಂದರೆ ಕನ್ನಡದ ಮೊದಲ ಪತ್ರಿಕೆ ಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದದ್ದು. ಆ ಪುಟಗಳಲ್ಲಿ ಒಬ್ಬ ಲಿಪಿಕಾರನ ಕೈಬರಹದ ಉಸಿರಿದೆ. 1848ರಿಂದ ಮೋಗ್ಲಿಂಗರು ಹೊರತಂದ "ಬಿಬ್ಲಿಯೋಥೆಕಾ ಕರ್ನಾಟಿಕಾ" ಮಾಲೆಯಲ್ಲಿ ಜೈಮಿನಿ ಭಾರತವೂ ದಾಸರ ಪದಗಳೂ ಹೀಗೆಯೇ ಅಚ್ಚಾದವು.

ಸೀಸದ ಮೊಳೆಗಳು ಬಂದಾಗಲೇ ಒತ್ತುಗಳ ಸಂಕಟ ಆರಂಭವಾಯಿತು. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52 ಮೊಳೆ. ಮೇಲೆ ಅಂಕಿ, ಚಿಹ್ನೆಗಳು. ಕನ್ನಡದ ಕಂಪೋಸಿಟರನ ಮುಂದಿನ ಗೂಡುಪೆಟ್ಟಿಗೆಯಲ್ಲಿ ನೂರಾರು ಮೊಳೆ. ಕ ಇದ್ದರೆ ಸಾಲದು. ಕಿ ಬೇಕು, ಕೆ ಬೇಕು, ಕೊಂಬು ದೀರ್ಘಗಳು ಬೇಕು, ಅಡಿಯಲ್ಲಿ ತೂಗುವ ಒತ್ತು ಬೇಕು. ಆ ಒತ್ತು ಇಳಿಯಲು ಎರಡು ಸಾಲಿನ ನಡುವೆ ಜಾಗ ಬೇಕು. ಜಾಗ ಬಿಟ್ಟರೆ ಕಾಗದ ಹೆಚ್ಚು, ಪುಸ್ತಕದ ಬೆಲೆ ಹೆಚ್ಚು. ಬಿಡದಿದ್ದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗುಲುತ್ತದೆ. ಕೆಲವು ಒತ್ತುಗಳ ರೂಪವೂ ವಿಚಿತ್ರ. ಳಕಾರದ ಒತ್ತು ಚಿಕ್ಕ ಳಕಾರವೇ, ತಾಯಿಯಂತೆ ಮಗು. ತಕಾರದ ಒತ್ತಿಗಾದರೋ ತಕಾರದ ಮುಖವೇ ಇಲ್ಲ. ಯಕಾರದ ಒತ್ತಿನಲ್ಲಿ ಬಹು ಹಿಂದಿನ ಯಕಾರದ ರೂಪ ಉಳಿದುಕೊಂಡಿದೆ. ಮೇಲಿನ ಅಕ್ಷರ ಬದಲಾದರೂ ಕೆಳಗಿನದು ಅಜ್ಜನ ಕಾಲದ ಅಂಗಿಯನ್ನೇ ತೊಟ್ಟು ನಿಂತಿದೆ. ಇದನ್ನರಿಯದೆ ಅಕ್ಷರ ರಚಿಸಹೊರಟವನು ಎಡವುತ್ತಾನೆ.

ಈ ಅರಿವಿದ್ದವರೊಬ್ಬರು ನಮ್ಮ ಕಾಲದಲ್ಲಿಯೇ ಕಾಣಿಸಿಕೊಂಡರು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಪ್ರಾಚೀನ ಲಿಪಿಗಳನ್ನು ಅಭ್ಯಾಸ ಮಾಡಿದವರು, ಅಕ್ಷರ ಜೋಡಣೆಯ ಯಂತ್ರಗಳೊಡನೆ ದುಡಿದವರು. 26 ಕೀಲಿಗಳ ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಇಡೀ ಕನ್ನಡ ವರ್ಣಮಾಲೆಯನ್ನು ಉಚ್ಚಾರಕ್ಕೆ ಅನುಸಾರವಾಗಿ ಕೂರಿಸುವ ವಿನ್ಯಾಸವನ್ನು ಅವರು ರೂಪಿಸಿದರು. ಕನ್ನಡ ಗಣಕ ಪರಿಷತ್ತಿನ "ನುಡಿ" ತಂತ್ರಾಂಶದ ಕೀಲಿಮಣೆಗೆ ಅದೇ ಆಧಾರವಾಗಿ ಸರ್ಕಾರದ ಮನ್ನಣೆಯನ್ನೂ ಪಡೆಯಿತು. ಅಷ್ಟರಲ್ಲಿ, 1991ರಲ್ಲಿ, ಯೂನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿದ್ದರು. ಅಲ್ಲಿ ಒತ್ತುಗಳಿಗೆ ಬೇರೆ ಸ್ಥಾನವಿಲ್ಲ. ವ್ಯಂಜನ, ಹಲಂತ, ಮತ್ತೊಂದು ವ್ಯಂಜನ ಒಟ್ಟಿಗೆ ಬಂದರೆ ಒತ್ತು ಮೂಡಬೇಕು. ಆ ಸಂಧಿಕಾರ್ಯವನ್ನು ಅಕ್ಷರಶೈಲಿಯನ್ನು ರಚಿಸುವವನು ಒಳಗೆ ಬರೆದಿಡಬೇಕು. ಕೇಶಿರಾಜನ ಸೂತ್ರಗಳನ್ನು ಓದಿದ ನನಗೆ ಇದು ಅಪರಿಚಿತವೆನಿಸಲಿಲ್ಲ.

ಹಾಗಾದರೆ ಈ ವಿದ್ಯೆಯನ್ನು ಕಲಿಸಿದವರು ಯಾರು? ನಮ್ಮ ನಾಡಿನಲ್ಲಿ ಬಹುಕಾಲ ಕಲಾಶಾಲೆಯೆಂದರೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ. ಅದರ ಅಸ್ತಿಭಾರ 1906ರದು. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ತೆರೆದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಅವರುಗಳು ಶಾಲೆ ನಡೆಸಿದರು. ಇವೆಲ್ಲ ಪದವಿಯ ಮಾತೇ ಇಲ್ಲದ ಕಾಲದವು. ಪದವಿ ಬೇಕಾದವರು ಬೇರೇನನ್ನೋ ಓದಿದರು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರನ್ನು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿಸಿಕೊಳ್ಳಲಿಲ್ಲ. ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಎ. ಓದಿದರು, ರಾಶಿಯವರ "ಕೊರವಂಜಿ"ಗೆ ಚಿತ್ರ ಬರೆದರು. 1954ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗಾಗಿ ಅವರು ಬರೆದ ಕುಂಚ ಹಿಡಿದ ತುಂಟ ಹುಡುಗ ಗಟ್ಟು ದೇಶದ ಗೋಡೆಗೋಡೆಗೂ ಪರಿಚಿತನಾದ. ಗುಲ್ಬರ್ಗದ ಎಸ್.ಎಂ. ಪಂಡಿತರು ಅದೇ ಜೆ.ಜೆ. ಶಾಲೆಯಲ್ಲಿ ಕಲಿತು ಸಿನಿಮಾ ಭಿತ್ತಿಚಿತ್ರಗಳಿಗೂ ಕ್ಯಾಲೆಂಡರುಗಳಿಗೂ ತಮ್ಮ ಮುದ್ರೆಯನ್ನೊತ್ತಿದರು. ತಮ್ಮಲ್ಲಿ ಎಷ್ಟೋ ಮಂದಿಯ ಮನೆಯ ಗೋಡೆಯ ಮೇಲೆ ಅವರ ದೇವರುಗಳು ಕೂತಿದ್ದಿರಬೇಕು.

"ನೋಡಿ, ಪದವಿಯಿಲ್ಲದೆಯೂ ಆಯಿತಲ್ಲ" ಎಂದು ತಾವು ಹೇಳಬಹುದು. ಲಕ್ಷ್ಮಣರಂಥವರಿಗೆ ಬಾಗಿಲು ಮುಚ್ಚಿದರೆ ಕಿಟಕಿಯಿಂದ ಬರುತ್ತಾರೆ. ಬೋರ್ಡು ಬರೆಯುವವನ ಮಗಳಿಗೆ ಬಾಗಿಲೇ ಬೇಕು.

ಬಾಗಿಲು ತೆರೆದದ್ದು ನಿಧಾನವಾಗಿ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ವರದಿಯೊಂದನ್ನು ಕೊಟ್ಟರು. ನಮ್ಮ ಸಾಮಾನ್ಯ ಲೋಟ, ತಂಬಿಗೆಯನ್ನು ಅವರು ಅದರಲ್ಲಿ ಕೊಂಡಾಡಿದ್ದಾರೆ. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಇತ್ತ ಬೆಂಗಳೂರಿನಲ್ಲಿ ಎಂ.ಎಸ್. ನಂಜುಂಡರಾಯರ ದುಡಿಮೆಯಿಂದ ಚಿತ್ರಕಲಾ ಪರಿಷತ್ತು ಬೆಳೆದು, 1983ರಲ್ಲಿ ಅದರ ಲಲಿತಕಲಾ ಕಾಲೇಜು ತಲೆಯೆತ್ತಿತು. ಚಿತ್ರಕಲೆಗೂ ಬಿ.ಎ., ಬಿ.ಎಸ್‌ಸಿ.ಗಳ ಸಾಲಿನಲ್ಲಿ ಜಾಗ ದೊರೆಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಮಕ್ಕಳನ್ನು ಸೇರಿಸಹೊರಟ ತಂದೆತಾಯಿಗಳು ಗಮನಿಸಿರಿ. ನಮ್ಮ ದೃಶ್ಯಕಲಾ ಕಾಲೇಜುಗಳಲ್ಲಿ "ಗ್ರಾಫಿಕ್ಸ್" ಎಂದರೆ ಮುದ್ರಣಕಲೆ: ಮರದಚ್ಚು, ತಾಮ್ರದ ತಗಡಿನ ಮೇಲಿನ ಆಮ್ಲಕೊರೆತ, ಕಲ್ಲಚ್ಚು. ಮೋಗ್ಲಿಂಗರ ಕಲ್ಲು ಅಲ್ಲಿ ಇಂದಿಗೂ ಜೀವಂತ. ಪತ್ರಿಕೆಯ ಪುಟ, ಪುಸ್ತಕದ ಹೊದಿಕೆ, ಲಾಂಛನ, ಜಾಹೀರಾತು, ಅಕ್ಷರ ಇವನ್ನು ಕಲಿಯುವವರು "ಅನ್ವಯಿಕ ಕಲೆ" ಎಂಬ ವಿಭಾಗವನ್ನು ಹಿಡಿಯಬೇಕು. ಪಿ.ಯು.ಸಿ. ಆದಮೇಲೆ ನಾಲ್ಕು ವರ್ಷ. ಮೊದಲಲ್ಲಿ ಎಲ್ಲರಿಗೂ ರೇಖೆ, ಬಣ್ಣ, ಆಕಾರಗಳ ಪಾಠ, ವಿಭಾಗ ಆಮೇಲೆ. ಇನ್ನು ಬಿ.ಡಿಸ್. ಎಂಬ ಪದವಿ ಬೇರೆ. ಅದಕ್ಕೆ ದೇಶಮಟ್ಟದ ಪ್ರವೇಶ ಪರೀಕ್ಷೆಗಳಿವೆ. ಮುಂಬಯಿ ಐ.ಐ.ಟಿ. ನಡೆಸುವ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ. ಕನ್ನಡ ಅಕ್ಷರವನ್ನು ತಿದ್ದಬಲ್ಲ ಹುಡುಗಿ ಮೊದಲು ಇಂಗ್ಲಿಷಿನ ಹೊಳೆ ದಾಟಬೇಕು. ಖಾಸಗಿ ಕಾಲೇಜುಗಳ ಶುಲ್ಕದ ಮಾತನ್ನು ಎತ್ತಿ ತಮ್ಮ ಸಂಜೆಯನ್ನು ಕೆಡಿಸಲಾರೆ.

ಈಗ ನನ್ನನ್ನು ಚುಚ್ಚಿದ ಸಂಗತಿ. ಸುಮಾರು ಮೂವತ್ತು ವರ್ಷದ ಹಿಂದೆ, ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಈ ಶಿಷ್ಯ ಹತ್ತನೆಯ ತರಗತಿಯಲ್ಲಿದ್ದ. ಶಾಲೆಯ ವಾರ್ಷಿಕೋತ್ಸವದ ಫಲಕವನ್ನು ಸುಣ್ಣದ ಕಡ್ಡಿಯಿಂದ ಅವನು ಬರೆದರೆ ಇಡೀ ಶಾಲೆ ನಿಂತು ನೋಡುತ್ತಿತ್ತು. ಅವನ ತಾಯಿ ಕಲಾಶಾಲೆಗೆ ಸೇರಿಸಲೇ ಎಂದು ನನ್ನನ್ನು ಕೇಳಿದರು. "ಬಣ್ಣ ಬಳಿಯುವುದಕ್ಕೆ ಓದು ಬೇಕೇ ತಾಯಿ? ಬಿ.ಕಾಂ. ಮಾಡಿಸಿರಿ" ಎಂದೆ. ಅವನು ಬಿ.ಕಾಂ. ಮುಗಿಸಲಿಲ್ಲ. ಕುಂಚ ಹಿಡಿದು ಬೀದಿಗೆ ಬಂದ. ನಾಗರಭಾವಿ, ಮಲ್ಲತ್ತಹಳ್ಳಿಗಳ ದಿನಸಿ ಅಂಗಡಿ, ಗಿರಣಿಗಳ ಹೆಸರುಗಳನ್ನು ಕೆಲವು ಕಾಲ ಅವನೇ ಬರೆದ. ಈ ಶತಮಾನದ ಮೊದಲ ದಶಕದಲ್ಲಿ ಫ್ಲೆಕ್ಸ್ ಬಂತು, ಕುಂಚ ಒಣಗಿತು. 2018ರಲ್ಲಿ ಉಚ್ಚ ನ್ಯಾಯಾಲಯದ ಆದೇಶದಿಂದ ನಗರದ ಫ್ಲೆಕ್ಸುಗಳು ಇಳಿದಾಗ ಅವನಿಗೆ ಆಸೆ ಹುಟ್ಟಿತ್ತಂತೆ. ಅಷ್ಟರಲ್ಲಿ ಗಿರಾಕಿಗಳಿಗೆ ಕೈಬರಹವೇ ಮರೆತುಹೋಗಿತ್ತು.

2024ರಲ್ಲಿ ಕಾನೂನು ತಿದ್ದುಪಡಿಯಾಗಿ ನಾಮಫಲಕಗಳಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕೆಂದು ವಿಧಿಸಿದರು. ಒಳ್ಳೆಯದೇ. ಆದರೆ ಬೀದಿಯಲ್ಲಿ ನಡೆದು ನೋಡಿರಿ. ಇಂಗ್ಲಿಷ್ ಅಕ್ಷರ ಹದವಾಗಿ ನಿಂತಿರುತ್ತದೆ. ಕನ್ನಡದ್ದನ್ನು ರಬ್ಬರಿನಂತೆ ಅಡ್ಡಡ್ಡ ಎಳೆದು 60 ಭಾಗವನ್ನು ತುಂಬಿಸಿರುತ್ತಾರೆ. ಮಲ್ಲತ್ತಹಳ್ಳಿಯೆಂಬ ಹೆಸರಿನ ಒತ್ತುಗಳ ಬುಡ ಚೌಕಟ್ಟಿನಡಿಯಲ್ಲಿ ಕತ್ತರಿಸಿಹೋದುದನ್ನು ನಾನೇ ಎಣಿಸಿದ್ದೇನೆ, ಒಂದೇ ರಸ್ತೆಯಲ್ಲಿ ಮೂರು ಕಡೆ. ಕಾನೂನು ಅಳೆಯಬಲ್ಲುದು ವಿಸ್ತಾರವನ್ನು. ಅಂದವನ್ನು ಅಳೆಯುವ ಕಣ್ಣನ್ನು ಯಾರಾದರೂ ತಿದ್ದಿ ಕೊಡಬೇಕು.

ಇದೇ ಊರಿನಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾಗ್ರಾಮವಿದೆ. ಜಿ.ಎಸ್. ಶಿವರುದ್ರಪ್ಪನವರ ಅಂತ್ಯಸಂಸ್ಕಾರ 2013ರಲ್ಲಿ, ಯು.ಆರ್. ಅನಂತಮೂರ್ತಿಯವರದು 2014ರಲ್ಲಿ ನಡೆದುದು ಅಲ್ಲಿಯೇ. ಮೊನ್ನೆ ಭಾನುವಾರ ತಂದೆ ಮಗಳಿಬ್ಬರನ್ನೂ ಅಲ್ಲಿಗೆ ಕರೆದೊಯ್ದು ಮರದ ನೆರಳಿನಲ್ಲಿ ಕುಳಿತು ಅರ್ಜಿಯೊಡನೆ ಕಳುಹಿಸಬೇಕಾದ ಚಿತ್ರಗಳನ್ನು ನೋಡಿದೆ. ಒಂದು ಹಾಳೆಯ ತುಂಬ ಅವಳು ತನ್ನ ಊರಿನ ಹೆಸರನ್ನು ಬರೆದಿದ್ದಳು, ನಲವತ್ತು ಬಗೆಯಲ್ಲಿ. ಕೆಲವು ಶಾಸನದಂತೆ, ಕೆಲವು ಕಲ್ಲಚ್ಚಿನಂತೆ, ಕೆಲವು ಅಪ್ಪನ ಬೋರ್ಡಿನಂತೆ. ನಾನು ಕಾಗುಣಿತ ನೋಡಿದೆ, ತಪ್ಪಿರಲಿಲ್ಲ. ಅವಳಪ್ಪ ಬಹಳ ಹೊತ್ತು ಸುಮ್ಮನಿದ್ದು, ಕಿಸೆಯಿಂದ ಪೆನ್ಸಿಲ್ ತೆಗೆದು ಹನ್ನೊಂದನೆಯದರ ಮೇಲೆ ಬೆರಳಿಟ್ಟ.

"ಈ ತ ಒತ್ತು ಬಾಲದ ಹಾಗೆ ಜೋತಾಡ್ತಿದೆ, ಸ್ವಲ್ಪ ಒಳಕ್ಕೆ ತಗೋ" ಎಂದ.