ಎರಡು ದ್ರವಗಳ ನಡುವೆ ಸಿಕ್ಕ ಗುಳ್ಳೆ

ಕರಗಿದ ಉಕ್ಕು ತುಂಬಿದ ಬಾನಿಯ ತಳದಿಂದ ಆರ್ಗಾನ್ ಊದುತ್ತಾರೆ. ಗುಳ್ಳೆಗಳು ಉಕ್ಕನ್ನು ಕಲಕುತ್ತ ಮೇಲೇರಿ, ಅದರ ಮೇಲೆ ತೇಲುವ ಕಿಟ್ಟದ ಪದರವನ್ನು ಸೀಳಿಕೊಂಡು ಹೊರಬೀಳುತ್ತವೆ. ಹೋಗುವಾಗ ಒಂದಿಷ್ಟು ಉಕ್ಕನ್ನೂ ಕಿಟ್ಟದೊಳಕ್ಕೆ ಎಳೆದೊಯ್ಯುತ್ತವೆ. ಎಷ್ಟು, ಯಾವಾಗ ಎಂಬುದನ್ನು ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ. 'ಅದಕ್ಕೆಲ್ಲ ಈಗ ಸಾಫ್ಟ್‌ವೇರ್ ಇದೆಯಲ್ಲ, ಮುಗಿದ ವಿಷಯ' ಎಂಬ ಮಾತು ಪದೇ ಪದೇ ಕಿವಿಗೆ ಬೀಳುತ್ತಿರುವುದರಿಂದ ಇದನ್ನು ಬರೆಯಬೇಕಾಯಿತು.

ಇಂಥ ಗಣಕಲೆಕ್ಕದ ಆರಂಭದ ಕಥೆ ಚಿಕ್ಕದು. 1965ರಲ್ಲಿ ಲಾಸ್ ಅಲಮೋಸ್‌ನ ಹಾರ್ಲೋ ಮತ್ತು ವೆಲ್ಚ್ ಗುರುತಿನ ಕಣಗಳನ್ನು ತೇಲಿಬಿಟ್ಟು ದ್ರವದ ಮೇಲ್ಮೈಯನ್ನು ಹಿಂಬಾಲಿಸಿದರು. 1981ರಲ್ಲಿ ಹರ್ಟ್ ಮತ್ತು ನಿಕೋಲ್ಸ್ ಕಣಗಳನ್ನು ಕೈಬಿಟ್ಟರು. ಲೆಕ್ಕದ ಜಾಲದ ಪ್ರತಿ ಚೌಕದಲ್ಲಿ ದ್ರವ ಎಷ್ಟು ಪಾಲು ತುಂಬಿದೆ ಎಂಬ ಒಂದು ಸಂಖ್ಯೆ ಸಾಕು ಎಂದರು.

ನಿಜವಾದ ಸುಗ್ಗಿ ಆಮೇಲಿನದು. 1988ರಲ್ಲಿ ಓಶರ್ ಮತ್ತು ಸೇಥಿಯನ್, ಮೇಲ್ಮೈಯನ್ನು ನಯವಾದೊಂದು ಫಲನದ ಸೊನ್ನೆಬೆಲೆಯ ಗೆರೆಯಾಗಿ ಹಿಡಿಯುವ ಲೆವೆಲ್ ಸೆಟ್ ವಿಧಾನ ತಂದರು. ಮೇಲ್ಮೈಯ ಬಾಗು ಅದರಲ್ಲಿ ನಯವಾಗಿ ಸಿಗುತ್ತದೆ, ಆದರೆ ಏರುತ್ತ ಏರುತ್ತ ಗುಳ್ಳೆ ತನ್ನ ಗಾತ್ರವನ್ನೇ ಕಳೆದುಕೊಳ್ಳುತ್ತದೆ. 1992ರಲ್ಲಿ ಬ್ರ್ಯಾಕ್‌ಬಿಲ್ ಮತ್ತು ಸಂಗಡಿಗರು ಮೇಲ್ಮೈ ಕರ್ಷಣವನ್ನು ಸಮೀಕರಣದೊಳಗೆ ಕೂರಿಸುವ ದಾರಿ ತೋರಿಸಿದರು. ಅದೇ ವರ್ಷ ಉನ್ವೆರ್ದಿ ಮತ್ತು ಟ್ರಿಗ್ವಾಸನ್ ಮೇಲ್ಮೈಗೇ ಪ್ರತ್ಯೇಕ ಜಾಲ ಹೊದಿಸಿದರು. 2000ದಲ್ಲಿ ಸಸ್ಮನ್ ಮತ್ತು ಪಕೆಟ್ ಲೆವೆಲ್ ಸೆಟ್ಟಿನ ನಯವನ್ನು ಹರ್ಟ್-ನಿಕೋಲ್ಸರ ಪಾಲುಲೆಕ್ಕದ ಜೊತೆ ಜೋಡಿಸಿದರು. ಈ ಜೋಡಿ ವಿಧಾನಕ್ಕಿಂತ ಒಳ್ಳೆಯದನ್ನು ನಾನಂತೂ ಕಂಡಿಲ್ಲ. ಭಾರತದ ಗೌತಮ್ ಬಿಸ್ವಾಸ್ ಬಳಗ ಕುದಿಯುವ ದ್ರವದ ಆವಿಗುಳ್ಳೆಗಳನ್ನು 2005ರಲ್ಲೇ ಇದರಿಂದ ಲೆಕ್ಕ ಹಾಕಿತ್ತು. ನಮ್ಮವರೇ ಅದನ್ನು ಮರೆತಂತಿದೆ. 2015ರಲ್ಲಿ ತ್ರಿಪಾಠಿ, ಸಾಹು ಮತ್ತು ರಮಾ ಗೋವಿಂದರಾಜನ್, ಗುಳ್ಳೆ ಯಾವಾಗ ನೇರವಾಗಿ ಏರುತ್ತದೆ, ಯಾವಾಗ ತೂರಾಡುತ್ತದೆ, ಯಾವಾಗ ಒಡೆಯುತ್ತದೆ ಎಂಬುದರ ನಕ್ಷೆಯನ್ನೇ ಬರೆದುಕೊಟ್ಟರು. ಅದು ಒಂದೇ ದ್ರವದ ಕಥೆ, ಅಷ್ಟೇ.

ಎರಡನೆಯ ದ್ರವ ಬಂದ ಕೂಡಲೇ ಲೆಕ್ಕ ಬಿಗಡಾಯಿಸುತ್ತದೆ. ಸಣ್ಣ ಗುಳ್ಳೆ ಗಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ದೊಡ್ಡದು ಕೆಳಗಿನ ಭಾರದ ದ್ರವವನ್ನು ಬಾಲದಂತೆ ಎಳೆದುಕೊಂಡು ದಾಟುತ್ತದೆ. ಆ ಬಾಲ ಕಡಿದು, ಹನಿಗಳಾಗಿ ಹಿಂದಕ್ಕೆ ಬೀಳುತ್ತದೆ. ಗ್ರೀನ್ ಮತ್ತು ಸಂಗಡಿಗರು ಇದನ್ನು 1988ರಲ್ಲಿ ಪ್ರಯೋಗದಿಂದ ಅಳೆದರು. ಅವರಿಗೆ ಬೇಕಿದ್ದುದು ಪರಮಾಣು ಸ್ಥಾವರದ ಅಪಘಾತದ ಲೆಕ್ಕ: ಕರಗಿದ ಗರ್ಭ ಕಾಂಕ್ರೀಟನ್ನು ತಿನ್ನುವಾಗ ಹೊಮ್ಮುವ ಅನಿಲ ಲೋಹದ ಮತ್ತು ಆಕ್ಸೈಡಿನ ಪದರಗಳ ಮೂಲಕ ಏರುತ್ತದೆ. ಅದೇ ಚಿಂತೆಯಿಂದ ಫ್ರಾನ್ಸಿನಲ್ಲಿ ಬೋಯೆ ಮತ್ತು ಲಾಪುವೆರ್ತಾ 2006ರಲ್ಲಿ ಅನಿಲ ಮತ್ತು ಎರಡು ದ್ರವಗಳನ್ನು ಒಟ್ಟಿಗೆ ಹಿಡಿದಿಡುವ ಮಾದರಿ ರಚಿಸಿದರು. 2012ರಲ್ಲಿ ಬೊನೊಮ್, ಮ್ಯಾಗ್ನೊಡೆ ಮತ್ತಿತರರು ಪ್ರಯೋಗವನ್ನೂ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಈ ಕ್ಷೇತ್ರಕ್ಕೆ ಬರುವವರು ಮೊದಲು ಓದಬೇಕಾದ್ದು ಅದನ್ನೇ.

ಹಾಗಾದರೆ ಮುಗಿಯಿತೇ? ಗಡಿಗೆ ಬಂದ ಗುಳ್ಳೆಯ ನೆತ್ತಿಯ ಮೇಲೆ ಕೆಳಗಿನ ದ್ರವದ ಒಂದು ಪೊರೆ ಉಳಿಯುತ್ತದೆ. ಗುಳ್ಳೆ ಮಿಲಿಮೀಟರುಗಳ ಅಳತೆಯದು. ಪೊರೆ ಹರಿಯುವುದು ಅದಕ್ಕಿಂತ ಹತ್ತು ಸಾವಿರ ಪಟ್ಟು ತೆಳುವಾದ ಮೇಲೆ. ಅಷ್ಟು ಸಣ್ಣ ಚೌಕಗಳನ್ನು ಯಾವ ಯಂತ್ರವೂ ಸುಲಭವಾಗಿ ಹೊರಲಾರದು. ಹೀಗಾಗಿ ಪೊರೆ ಒಂದು ಚೌಕದಷ್ಟು ತೆಳುವಾದರೆ ಸಾಕು, ಪ್ರೋಗ್ರಾಂ ಅದನ್ನು ಹರಿದುಹಾಕುತ್ತದೆ. ಚೌಕ ಚಿಕ್ಕದಾದಷ್ಟೂ ಪೊರೆ ಹೆಚ್ಚು ಹೊತ್ತು ಬಾಳುತ್ತದೆ. ಮೇಲ್ಮೈಗೆ ಪ್ರತ್ಯೇಕ ಜಾಲ ಹೊದಿಸುವವರ ಪಂಥದಲ್ಲಿ ಮಾತ್ರ, ಹೇಳದ ಹೊರತು ಪೊರೆ ಹರಿಯದು. ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಬಣ್ಣಬಣ್ಣದ ವಿಡಿಯೊಗಳಲ್ಲಿ ಇದು ಯಾವುದೂ ಕಾಣುವುದಿಲ್ಲ. ಅಂಥ ಲೆಕ್ಕಗಳನ್ನೇ ಉಣಿಸಿ ಯಂತ್ರಕಲಿಕೆಯ ಮಾದರಿ ಕಟ್ಟಿದರೆ, ಅದು ಕಲಿಯುವುದು ಚೌಕದ ಅಳತೆಯನ್ನು.

ಉಕ್ಕಿನ ಮಾತು ಇನ್ನೂ ದೂರ. ನೀರಿನ ಮೇಲ್ಮೈ ಕರ್ಷಣ ಮೀಟರಿಗೆ 0.072 ನ್ಯೂಟನ್, ಕರಗಿದ ಕಬ್ಬಿಣದ್ದು ಸುಮಾರು 1.8. ಗಂಧಕ, ಆಮ್ಲಜನಕ ಗಡಿ ದಾಟುವಾಗ ಉಕ್ಕು-ಕಿಟ್ಟದ ನಡುವಿನ ಕರ್ಷಣ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನೀರು-ಎಣ್ಣೆಯ ಪ್ರಯೋಗಕ್ಕೆ ಹೊಂದಿಕೆಯಾದ ಪ್ರೋಗ್ರಾಂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಾನಿಗೂ ಹೊಂದುತ್ತದೆ ಎಂದು ನಂಬಲು ಕಾರಣವಿಲ್ಲ. ಆದರೂ ನಮ್ಮಲ್ಲಿ ಗಣಕಗಳಿಗೆ ಹಣ ಸಿಗುತ್ತದೆ, ಪ್ರಯೋಗಕ್ಕೆ ಬೇಕಾದ ಒಂದು ಗಾಜಿನ ತೊಟ್ಟಿಗೂ ವೇಗದ ಕ್ಯಾಮೆರಾಕ್ಕೂ ಸಿಗುವುದಿಲ್ಲ.

ಪ್ರಬಂಧ ಪರಿಶೀಲಿಸುವ ಗೆಳೆಯರಲ್ಲಿ ಒಂದು ಕೋರಿಕೆ: ಚೌಕವನ್ನು ಅರ್ಧಕ್ಕೆ ಇಳಿಸಿದಾಗ ಪೊರೆ ಹರಿಯುವ ಹೊತ್ತು ಎಷ್ಟು ಬದಲಾಯಿತೆಂದು ಬರೆಯದ ಲೇಖನವನ್ನು ಹಿಂದಕ್ಕೆ ಕಳುಹಿಸಿ.