ಶಿಕಾರಿಪುರ ಸೊರಬಗಳ ಮನೆತನಗಳ ಚರಿತ್ರೆಗೆ ಆಧಾರಗಳು

ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿ ಒಂದು ಶಿಲಾಸ್ತಂಭವುಂಟು. ಅದರಲ್ಲಿ ಪ್ರಾಕೃತ ಭಾಷೆಯ ಎರಡು ಶಾಸನಗಳಿರುವುವು. ಚುಟುಕುಲದ ಸಾತಕರ್ಣಿಯು ಮಳಪಳಿಯ ದೇವರ ಸೇವೆಗಾಗಿ ಕೊಂಡಮಾನನೆಂಬ ಬ್ರಾಹ್ಮಣನಿಗೆ ಬ್ರಹ್ಮದೇಯವನ್ನು ಬಿಟ್ಟ ಸಂಗತಿಯು ಮೊದಲನೆಯದರಲ್ಲಿದೆ. ಹೀಗೆ ಹಿಂದಿನ ಅರಸನಿತ್ತ ದತ್ತಿಯು ಕೈಬಿಟ್ಟುಹೋದುದನ್ನು ಕೇಳಿ, ಅನಂತರ ಬಂದ ಕದಂಬ ದೊರೆಯೊಬ್ಬನು ಅದನ್ನು ಕೊಂಡಮಾನ ಕುಲದವನೇ ಆದ ನಾಗದತ್ತನಿಗೆ ಮರಳಿ ಕೊಟ್ಟನೆಂದು ಎರಡನೆಯದು ಹೇಳುವುದು. ರಾಜವಂಶಗಳ ಕಾಲನಿರ್ಣಯಕ್ಕಾಗಿ ಈ ಕಂಬವನ್ನು ವಿದ್ವಾಂಸರು ಬಹುವಾಗಿ ಚರ್ಚಿಸಿರುವರು. ಆದರೆ ಇದು ಒಂದು ಮನೆತನದ ದಾಖಲೆಯೂ ಹೌದೆಂಬುದನ್ನು ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ. ಪೂರ್ವಿಕನ ಹೆಸರು, ಗೋತ್ರ, ವಂಶದವನೊಬ್ಬನ ಹೆಸರು, ಅವರಿಬ್ಬರನ್ನು ಕೂಡಿಸುವ ಭೂಮಿ, ಇಷ್ಟು ಅದರಲ್ಲಿವೆ. ಇದಕ್ಕಿಂತ ಹೆಚ್ಚಿನದನ್ನು ಹೇಳುವ ಪತ್ರವು ಇಂದಿನ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿಯೂ ಸಿಕ್ಕಲಾರದು.

ಅದೇ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಶಾಸನವು ಕದಂಬರ ಮನೆತನದ ಕಥೆಯನ್ನು ವಿಸ್ತಾರವಾಗಿ ಹೇಳುವುದು. ಅವರು ಮಾನವ್ಯಗೋತ್ರದವರು, ಹಾರಿತೀಪುತ್ರರು. ಮನೆಯ ಬಳಿಯಲ್ಲಿ ಬೆಳೆದಿದ್ದ ಕದಂಬವೃಕ್ಷದ ಆರೈಕೆಯಿಂದ ಅವರಿಗೆ ಆ ಹೆಸರು ಬಂದಿತು. ಮಯೂರಶರ್ಮನು ವೀರಶರ್ಮನೊಡನೆ ವಿದ್ಯಾರ್ಥಿಯಾಗಿ ಕಂಚಿಯ ಘಟಿಕೆಗೆ ಹೋಗಿ, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ಕೆರಳಿ, ದರ್ಭೆಯನ್ನು ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದನು. ಅವನ ಮಗ ಕಂಗವರ್ಮ, ಅವನ ಮಗ ಭಗೀರಥ, ಭಗೀರಥನ ಮಕ್ಕಳು ರಘು ಮತ್ತು ಕಾಕುಸ್ಥವರ್ಮ, ಕಾಕುಸ್ಥನ ಮಗ ಶಾಂತಿವರ್ಮ. ಹೀಗೆ ವಂಶವು ಮನುಷ್ಯರಿಂದ ಮನುಷ್ಯರಿಗೆ ಇಳಿದುಬರುವುದು. ಸ್ತುತಿಯಿದ್ದರೂ ಮೂಲಪುರುಷನು ವೇದಾಧ್ಯಯನಕ್ಕೆ ಹೊರಟ ಹುಡುಗನೆಂಬುದನ್ನು ಕವಿಯು ಮರೆಮಾಚಿಲ್ಲ.

ಕೆಲವು ಶತಮಾನಗಳು ಕಳೆದಮೇಲೆ ಹಾನಗಲ್ಲು ಮತ್ತು ಗೋವೆಯ ಕದಂಬರ ಶಾಸನಗಳಲ್ಲಿ ಅದೇ ಮನೆತನದ ಮೂಲಪುರುಷನು ಶಿವನ ಬೆವರಹನಿಯು ಕದಂಬವೃಕ್ಷದ ಬುಡದಲ್ಲಿ ಬೀಳಲು ಹುಟ್ಟಿದ ಮುಕ್ಕಣ್ಣನಾಗಿಬಿಟ್ಟಿರುವನು. ತಾಳಗುಂದದಲ್ಲಿಯೇ ಇರುವ ತರುವಾಯದ ಶಾಸನವೊಂದು, ಈ ಮುಕ್ಕಣ್ಣ ಕದಂಬನು ದಕ್ಷಿಣದಲ್ಲಿ ಬ್ರಾಹ್ಮಣರನ್ನು ಕಾಣದೆ ಅಹಿಚ್ಛತ್ರದ ಅಗ್ರಹಾರಕ್ಕೆ ಹೋಗಿ, 32 ಕುಟುಂಬಗಳನ್ನು ಕರೆತಂದು ಸ್ಥಾಣುಗೂಢದಲ್ಲಿ, ಎಂದರೆ ತಾಳಗುಂದದಲ್ಲಿ, ನೆಲೆಗೊಳಿಸಿದನೆಂದು ಹೇಳುವುದು. ದಕ್ಷಿಣದಲ್ಲಿ ಬ್ರಾಹ್ಮಣರಿರಲಿಲ್ಲವೆಂಬ ಮಾತನ್ನು ಮಳವಳ್ಳಿಯ ಕಂಬವೇ ಅಲ್ಲಗಳೆಯುತ್ತದೆ. ಕದಂಬರಿಗಿಂತ ಮುಂಚೆಯೇ ಕೊಂಡಮಾನನು ಅಲ್ಲಿ ಬ್ರಹ್ಮದೇಯವನ್ನು ಉಣ್ಣುತ್ತಿದ್ದನಷ್ಟೆ! ಆದರೂ ಮಲೆನಾಡಿನ ಹವ್ಯಕ ಮನೆತನಗಳ ಹಿರಿಯರು ತಮ್ಮ ಮೂಲವನ್ನು ಹೇಳುವಾಗ ಅಹಿಚ್ಛತ್ರದ ಹೆಸರನ್ನೇ ಎತ್ತುವರು. ಒಂದು ಕುಟುಂಬದ ನೆನಪು ಕಾಲಕ್ರಮದಲ್ಲಿ ಹೇಗೆ ಹಿಗ್ಗುವುದೆಂಬುದನ್ನು ನೋಡಬೇಕೆನ್ನುವವರಿಗೆ ಈ ಶಾಸನಗಳಿಗಿಂತ ಒಳ್ಳೆಯ ಪಾಠವಿಲ್ಲ. ಹಳೆಯ ಲೇಖದಲ್ಲಿ ಇಲ್ಲದಿರುವ ವಿಭವವು ಹೊಸ ಲೇಖದಲ್ಲಿ ತೋರಿದರೆ, ಅದು ಪೂರ್ವಿಕರ ವಿಷಯವಾಗಿ ಹೇಳುವುದಕ್ಕಿಂತ ಹೊಸ ಲೇಖವನ್ನು ಬರೆಸಿದವರ ವಿಷಯವಾಗಿಯೇ ಹೆಚ್ಚನ್ನು ಹೇಳುವುದು.

ಅರಸರನ್ನೂ ಅಗ್ರಹಾರದವರನ್ನೂ ಬಿಟ್ಟು ಉಳಿದವರ ಕಡೆಗೆ ತಿರುಗಿದರೆ ಈ ಎರಡು ತಾಲ್ಲೂಕುಗಳ ಸಂಪತ್ತು ಇನ್ನೂ ಹೆಚ್ಚಿನದು. ವೀರಗಲ್ಲು, ಮಾಸ್ತಿಕಲ್ಲು, ನಿಷಿಧಿಗಲ್ಲುಗಳು ಇಲ್ಲಿ ಊರೂರಿಗೂ ಇರುವುವು. ತುರುಗೋಳಿನಲ್ಲಿ ಹಸುಗಳನ್ನು ಮರಳಿಸಿ ಸತ್ತವನ ಹೆಸರನ್ನೂ, ಎಷ್ಟೋ ವೇಳೆ ತಂದೆಯ ಹೆಸರನ್ನೂ, ಕಲ್ಲನ್ನು ನಿಲ್ಲಿಸಿದ ತಮ್ಮನ, ಮಗನ ಅಥವಾ ಹೆಂಡತಿಯ ಹೆಸರನ್ನೂ ವೀರಗಲ್ಲು ಹೇಳುವುದು. ಬಂದಳಿಕೆಯ ಶಾಸನವೊಂದರಲ್ಲಿ ಜಕ್ಕಿಯಬ್ಬೆಯ ವೃತ್ತಾಂತವಿದೆ. ಆಕೆಯು 10ನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ತನ್ನ ಗಂಡ ಸತ್ತರಸ ನಾಗಾರ್ಜುನನು ತೀರಿಕೊಂಡಮೇಲೆ ಆ ಅಧಿಕಾರವನ್ನು ತಾನೇ ವಹಿಸಿ ನಡೆಸಿದಳು. ವ್ಯಾಧಿಯು ಬಂದಾಗ ಮಗಳನ್ನು ಕರೆಸಿ ತನ್ನದೆಲ್ಲವನ್ನೂ ಆಕೆಗೆ ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ವ್ರತದಿಂದ ದೇಹವನ್ನು ಬಿಟ್ಟಳು. ಗಂಡನಿಂದ ಹೆಂಡತಿಗೆ ಅಧಿಕಾರವು, ತಾಯಿಯಿಂದ ಮಗಳಿಗೆ ಆಸ್ತಿಯು ಇಳಿದುಬಂದುದನ್ನು ಒಂದೇ ಕಲ್ಲಿನಲ್ಲಿ ಓದಬಹುದು. ಗಂಡುಮಕ್ಕಳ ಹೆಸರನ್ನು ಮಾತ್ರ ಬರೆದು ಹೆಣ್ಣುಮಕ್ಕಳನ್ನು ಬಿಟ್ಟುಬಿಡುವ ಈಚಿನ ವಂಶವೃಕ್ಷಗಳಿಗಿಂತ ಈ ಕಲ್ಲಿನ ದೃಷ್ಟಿಯು ವಿಶಾಲವಾದುದು.

ಸೊರಬ ತಾಲ್ಲೂಕಿನ ಹಿರೇಆವಲಿಯ ನಿಷಿಧಿಗಲ್ಲುಗಳು ಮತ್ತೂ ವಿಶೇಷವಾದುವು. 14ನೆಯ ಶತಮಾನದ ಮಧ್ಯಭಾಗದಿಂದ 15ನೆಯ ಶತಮಾನದ ಆದಿಭಾಗದವರೆಗೆ, ವಿಜಯನಗರದ ಅರಸರು ಆಳುತ್ತಿದ್ದ ಕಾಲದಲ್ಲಿ, ಆವಲಿಯ ಜೈನ ಗೌಡರ ಮನೆಯವರು ಒಬ್ಬರಾದಮೇಲೊಬ್ಬರು ಸಮಾಧಿವಿಧಿಯಿಂದ ಮುಡಿಪಿದುದನ್ನು ಅವು ತಿಳಿಸುವುವು. ಆಳುವ ದೊರೆ, ಸಂವತ್ಸರ, ಮಾಸ, ತಿಥಿ, ಗುರುವಿನ ಹೆಸರು, ಸತ್ತವರಿಗೂ ಮನೆಯ ಪ್ರಭುವಿಗೂ ಇದ್ದ ಸಂಬಂಧ, ಇವೆಲ್ಲವೂ ಅವುಗಳಲ್ಲಿ ದೊರೆಯುವುದರಿಂದ ಕಲ್ಲುಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಒಂದು ಮನೆತನದ ಹಲವು ತಲೆಗಳು ಕಣ್ಣಿಗೆ ಕಟ್ಟುವುವು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಶಾಸನವಾದುದು 1969ರಲ್ಲಿ. ನೂರು ವರ್ಷಗಳ ಹಿಂದೆ ಸತ್ತ ಮುತ್ತಜ್ಜಿಯ ಮರಣದಿನವು ಗೊತ್ತಿಲ್ಲದ ಸೊರಬದ ಮನೆಗಳು ಅನೇಕವಾಗಿರಲು, 600 ವರ್ಷಗಳ ಹಿಂದಿನ ಗೌಡಿತಿಯೊಬ್ಬಳ ಮರಣತಿಥಿಯು ಹೊಲದಂಚಿನ ಕಲ್ಲಿನಲ್ಲಿ ಉಳಿದಿರುವುದು ಆಶ್ಚರ್ಯಕರವಲ್ಲವೆ?

ಈ ಶಾಸನಗಳನ್ನು ನೋಡಲು ಊರೂರು ತಿರುಗಲೇಬೇಕೆಂದಿಲ್ಲ. ಬಿ. ಎಲ್. ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದವೂ, 8ನೆಯ ಸಂಪುಟದಲ್ಲಿ (1904) ಸೊರಬದವೂ ಅಚ್ಚಾಗಿರುವುವು. ಅವುಗಳಲ್ಲಿ ಶಾಸನಗಳನ್ನು ಕಾಲಾನುಸಾರವಾಗಿ ಅಲ್ಲ, ಗ್ರಾಮಾನುಸಾರವಾಗಿ ಅಂಕಿಯಿಟ್ಟು ಜೋಡಿಸಿದೆ. ಸ್ವಗ್ರಾಮದ ಹೆಸರನ್ನು ಬಲ್ಲವನಿಗೆ ಇದು ಅನುಕೂಲವೇ ಸರಿ. ಆ ಬಳಿಕ ದೊರೆತವುಗಳಿಗಾಗಿ ಮೈಸೂರಿನ ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ನೋಡತಕ್ಕದ್ದು. ಅಚ್ಚಿನ ಪಾಠವನ್ನು ಕಲ್ಲಿನೊಡನೆ ಹೋಲಿಸುವ ಶ್ರಮವನ್ನು ಮಾತ್ರ ಬಿಡಬಾರದು. ಸಂಬಂಧವನ್ನು ಸೂಚಿಸುವ ‘ಮಗ’, ‘ಅಳಿಯ’ ಎಂಬ ಒಂದು ಪದವು ಸವೆದುಹೋದ ಕಡೆಯಲ್ಲಿದ್ದರೆ ವಂಶವೃಕ್ಷದ ಕೊಂಬೆಯೇ ಬೇರೆಯಾಗುವುದು.

ಇಷ್ಟು ಸಾಮಗ್ರಿಯನ್ನು ಕಂಡವರಿಗೆ ತಮ್ಮ ಮನೆತನವನ್ನು ಆವಲಿಯ ಪ್ರಭುಗಳಿಗೋ ನಾಗರಖಂಡದ ಗಾವುಂಡರಿಗೋ ಗಂಟುಹಾಕುವ ಆಸೆಯು ಸಹಜವಾಗಿಯೇ ಹುಟ್ಟುವುದು. ತೊಡಕು ಇರುವುದೂ ಇಲ್ಲಿಯೇ. ಶಾಸನಗಳ ‘ಗಾವುಂಡ’, ‘ಗೌಡ’ ಎಂಬುವು ಊರಿನ ಅಥವಾ ನಾಡಿನ ಅಧಿಕಾರವನ್ನು ಹೇಳುವ ಪದಗಳು, ಕುಲನಾಮಗಳಲ್ಲ. ಅಧಿಕಾರವು ಕೈ ಬದಲಾಯಿಸಿದರೆ ಪದವೂ ಅದರೊಡನೆ ಹೋಗುವುದು. ಆವಲಿಯ ಗೌಡರು ಜಿನಭಕ್ತರು; ಇಂದು ಅದೇ ಪದವನ್ನು ಹೆಸರಿನ ಕೊನೆಗೆ ಹಚ್ಚಿಕೊಂಡಿರುವ ಆ ಸೀಮೆಯ ಮನೆಗಳು ಬಹುಮಟ್ಟಿಗೆ ಬೇರೆ ಮತಾಚಾರಗಳವು. ಒಂದು ಕುಟುಂಬವು ಮತವನ್ನು ಬದಲಾಯಿಸಿರಬಹುದು. ಹಳೆಯ ಕುಟುಂಬವು ಹೋಗಿ ಹೊಸದೊಂದು ಬಂದಿರಲೂಬಹುದು. ಇವೆರಡರಲ್ಲಿ ಯಾವುದೆಂಬುದನ್ನು ಹೆಸರೊಂದೇ ಹೇಳಲಾರದು. ಕಲ್ಲಿನ ಸಾಕ್ಷ್ಯವು ತೆಳುವಾಗುವ 15ನೆಯ ಶತಮಾನಕ್ಕೂ, ಮನೆಗಳಲ್ಲಿ ಕಾಗದಗಳು ದೊರೆಯತೊಡಗುವ ಕಾಲಕ್ಕೂ ನಡುವೆ ದೊಡ್ಡದೊಂದು ಕಂದರವುಂಟು. ಅದನ್ನು ದಾಟಿಸುವ ಲೇಖವಿಲ್ಲದೆ ಆಚೆಯ ದಡದವರನ್ನು ಅಜ್ಜಂದಿರೆಂದು ಕರೆಯುವುದು ಮುಕ್ಕಣ್ಣ ಕದಂಬನ ಕಥೆಯನ್ನು ಕಟ್ಟಿದವರ ಮಾರ್ಗವೇ ಆಗುವುದು.

ಈ ಕಂದರದಲ್ಲಿ ಅಲ್ಲಲ್ಲಿ ಕಾಲೂರಲು ಸಿಕ್ಕುವ ಬಂಡೆಗಳೆಂದರೆ ಕೆಳದಿಯ ನಾಯಕರ ಕಾಲದ ಕಡತಗಳೂ, ನಿರೂಪಗಳೂ, ತಾಮ್ರಪಟಗಳೂ. ಕೆಳದಿಯು ಸೊರಬಕ್ಕೆ ನೆರೆಯ ಸಾಗರ ತಾಲ್ಲೂಕಿನಲ್ಲಿರುವುದು. ಶಿವಪ್ಪನಾಯಕನು ಏರ್ಪಡಿಸಿದ ಭೂಕಂದಾಯದ ‘ಶಿಸ್ತು’ ಮಲೆನಾಡಿನ ಒಕ್ಕಲುಗಳ ಬಾಯಲ್ಲಿ ಬಹುಕಾಲ ಉಳಿದಿತ್ತು. ಕೆಳದಿಯಲ್ಲಿ ಕೆ. ಗುಂಡಾ ಜೋಯಿಸರ ಪ್ರಯತ್ನದಿಂದ 1960ರ ದಶಕದಲ್ಲಿ ನೆಲೆಗೊಂಡು, ಮುಂದೆ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ ವಸ್ತುಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನಾಲಯದಲ್ಲಿ ತಾಳೆಯೋಲೆಗಳೂ ಕಾಗದಪತ್ರಗಳೂ ಸಂಗ್ರಹವಾಗಿರುವುವು. ಕರ್ನಲ್ ಮೆಕೆಂಜಿಯು ಬರೆಯಿಸಿ ಸಂಗ್ರಹಿಸಿದ ಸ್ಥಳವೃತ್ತಾಂತಗಳನ್ನು ಎಂ. ಎಂ. ಕಲಬುರ್ಗಿಯವರು ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಹೆಸರಿನಲ್ಲಿ 1994ರಲ್ಲಿ ಪ್ರಕಟಿಸಿದರು. ಕೈಫಿಯತ್ತನ್ನು ಓದುವವರು ಅದು ಕೇಳುವ ಅಧಿಕಾರಿಗೆ ಸ್ಥಳದವರು ಕೊಟ್ಟ ಉತ್ತರವೆಂಬುದನ್ನು ನೆನಪಿನಲ್ಲಿಡಬೇಕು. ಉಂಬಳಿ ಮಾನ್ಯಗಳನ್ನು ಉಳಿಸಿಕೊಳ್ಳಬೇಕಾದವನು ತನ್ನ ವಂಶವನ್ನು ಮೊಟಕಾಗಿ ಹೇಳುವನೆ?

ಸರ್ಕಾರಿ ದಾಖಲೆಗಳನ್ನು ಹುಡುಕುವವರಿಗೆ ಮೊದಲು ಬೇಕಾದುದು ಸೀಮೆಯ ಹೆಸರುಗಳ ತಿಳಿವಳಿಕೆ. ಬನವಾಸಿ 12000ದೊಳಗಿನ ನಾಗರಖಂಡ, ಜಿಡ್ಡುಳಿಗೆ, ಎಡೆನಾಡುಗಳೆಂಬ ಹೆಸರುಗಳು ಅಳಿದುವು. ವಿಜಯನಗರದ ಕಾಲದಲ್ಲಿ ಚಂದ್ರಗುತ್ತಿಯು ಮುಂದೆ ಬಂದಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು, ಅದೇ ‘ನಗರ’ವಾಯಿತು. 1831ರಲ್ಲಿ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತಕ್ಕೆ ಒಳಪಟ್ಟ ಅನಂತರದ ಕಾಗದಗಳಲ್ಲಿ ಈ ಪ್ರಾಂತವು ನಗರದ ವಿಭಾಗದೊಳಗಿನದು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಾಗಲಿ ಅದರ ಮೈಸೂರಿನ ವಿಭಾಗೀಯ ಕಚೇರಿಯಲ್ಲಾಗಲಿ ‘ಶಿವಮೊಗ್ಗ’ ಎಂಬ ಶೀರ್ಷಿಕೆಯೊಂದನ್ನೇ ನೋಡಿ ಏನೂ ಇಲ್ಲವೆಂದು ಹಿಂದಿರುಗುವವನು ಅರ್ಧವನ್ನು ಬಿಟ್ಟುಬಂದಂತಾಗುವುದು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಪೈಮಾಯಿಷಿಯ ಮೇಲೆ ಹುಟ್ಟಿದ ಪುಸ್ತಕಗಳು, ಇನಾಮಿನ ಕಾಗದಗಳು, ಖಾತೆ ಬದಲಾವಣೆಯ ಪುಸ್ತಕಗಳು ಇರುವುವು. ತಂದೆಯು ಸತ್ತು ಪೌತಿ ಖಾತೆಯಾದ ಒಂದೊಂದು ಸಂದರ್ಭವೂ ವಂಶದ ಒಂದೊಂದು ಗಂಟು.

ಶಾನುಭೋಗರ ಮನೆಗಳ ಕಾಗದಗಳ ವಿಷಯವು ಬೇರೆ. ಗ್ರಾಮದ ಲೆಕ್ಕವು ವಂಶಪಾರಂಪರ್ಯವಾಗಿ ಅವರಲ್ಲಿಯೇ ಇದ್ದುದರಿಂದ ಊರಿನ ಎಲ್ಲ ಮನೆಗಳ ಚರಿತ್ರೆಯೂ ಒಂದು ಮನೆಯ ಅಟ್ಟದ ಮೇಲಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿಯ ಕಾನೂನು 1963ರಲ್ಲಿ ಜಾರಿಗೆ ಬಂದಾಗ ಚಾಲ್ತಿಯ ಪುಸ್ತಕಗಳು ಸರ್ಕಾರದ ನೌಕರರಿಗೆ ಹೋದುವು. ಹಳೆಯ ಕಡತಗಳು ಎಷ್ಟೋ ಕಡೆ ಅಟ್ಟದಲ್ಲಿಯೇ ನಿಂತುವು. ಮಲೆನಾಡಿನ ಮಳೆ, ಗೆದ್ದಲು, ಹಿಸ್ಸೆಯಾಗಿ ಒಡೆದ ಮನೆಗಳು, ಇವು ಮೂರೂ ಅವುಗಳಿಗೆ ಶತ್ರುಗಳು. ಉಳಿದವುಗಳ ಕೂಡುಬರಹವನ್ನು ಓದಬಲ್ಲವರೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿರುವರು. ಅವುಗಳಲ್ಲಿ ಕಾಲವನ್ನು ಬಹುಶಃ ಸಂವತ್ಸರದ ಹೆಸರಿನಿಂದಲೇ ಹೇಳಿರುವುದು. ‘ವಿಕ್ರಮ’ ಎಂದು ಮಾತ್ರ ಇದ್ದರೆ ಅದು 1820–21 ಆಗಬಹುದು, 1880–81 ಅಥವಾ 1940–41 ಸಹ ಆಗಬಹುದು. ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವ ಪದ್ಧತಿಯು ಇದರೊಡನೆ ಸೇರಿದರೆ 60 ವರ್ಷಗಳ ಅಂತರದ ಇಬ್ಬರು ಒಂದೇ ಹೆಸರಿನವರು ಒಬ್ಬನೇ ಆಗಿ ಕಾಣುವರು. ವಂಶಾವಳಿಯಲ್ಲಿ ಎರಡು ತಲೆಗಳು ಹೇಳಹೆಸರಿಲ್ಲದೆ ಮಾಯವಾಗುವುವು. ವಾರ ತಿಥಿಗಳನ್ನು ಪಂಚಾಂಗದೊಡನೆ ತಾಳೆನೋಡುವುದೂ, ಸಾಕ್ಷಿ ಹಾಕಿದವರ ಹೆಸರುಗಳನ್ನು ಬೇರೆ ಪತ್ರಗಳಲ್ಲಿ ಹುಡುಕುವುದೂ ಇದಕ್ಕೆ ಪರಿಹಾರ.

ಇಷ್ಟೆಲ್ಲವೂ ಭೂಮಿಯುಳ್ಳವರ ಮಾತಾಯಿತು. ಸೊರಬ, ಸಾಗರಗಳ ಕಡೆಯ ಒಕ್ಕಲುಗಳಲ್ಲಿ ಬಹುಮಂದಿ, ವಿಶೇಷವಾಗಿ ದೀವರು, ಗೇಣಿದಾರರಾಗಿದ್ದರು. ಹಳೆಯ ಖಾತೆಯಲ್ಲಿ ಒಡೆಯನ ಹೆಸರಿರುವುದೇ ಹೊರತು ಗದ್ದೆಯನ್ನು ಉತ್ತವನ ಹೆಸರಿರುವುದಿಲ್ಲ. ಕೆಲವು ಒಕ್ಕಲು ಮನೆತನಗಳ ಪಾಲಿಗೆ ಹೆಳವರಿರುವರು. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ಹಿರಿಯರ ಹೆಸರುಗಳನ್ನು ತಲೆತಲೆಯಾಗಿ ಹೊಗಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿ, ಕಾಳು ಬಟ್ಟೆಗಳನ್ನು ಪಡೆದು ಹೋಗುವುದು ಅವರ ವೃತ್ತಿ. ಆದರೆ ಎಲ್ಲ ಜಾತಿಗಳಿಗೂ ಹೆಳವರಿಲ್ಲ. ಅಂತಹ ಮನೆಗಳ ಹೆಸರುಗಳು ಮೊದಲಬಾರಿಗೆ ದೊಡ್ಡ ಪ್ರಮಾಣದಲ್ಲಿ ಕಾಗದಕ್ಕೆ ಬಂದುದು ವ್ಯಾಜ್ಯದ ಮೂಲಕ. ಗೇಣಿಯನ್ನು ಅಳೆಯುವ ಕೊಳಗದ ವಿಷಯದಿಂದ ಹೊತ್ತಿಕೊಂಡ ಕಾಗೋಡಿನ ಸತ್ಯಾಗ್ರಹವು 1951ರಲ್ಲಿ ನಡೆಯಿತು. ಭೂಸುಧಾರಣೆಯ ಕಾನೂನಿನ ತಿದ್ದುಪಡಿಯು 1974ರಲ್ಲಿ ಜಾರಿಗೆ ಬಂದು, ಗೇಣಿದಾರರು 7ನೆಯ ನಮೂನೆಯಲ್ಲಿ ಅರ್ಜಿಗಳನ್ನು ಹಾಕಿದರು. ಭೂನ್ಯಾಯಮಂಡಲಿಯ ಮುಂದೆ ಗೇಣಿದಾರನು ತನ್ನ ಸಾಗುವಳಿಯನ್ನು ರುಜುಪಡಿಸಬೇಕಾಗಿತ್ತು. ಎಷ್ಟು ಕಾಲದಿಂದ ಉಳುತ್ತಿರುವೆ, ಮೊದಲು ಉಳುತ್ತಿದ್ದವರಾರು ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ಅಜ್ಜನ ಹೆಸರನ್ನೂ ಗದ್ದೆಯ ಹೆಸರನ್ನೂ ಹೇಳುವ ಹೇಳಿಕೆಗಳು ಆ ಕಡತಗಳಲ್ಲಿ ಬಂದು ಸೇರಿದುವು. ನೆರೆಹೊರೆಯವರ ಸಾಕ್ಷ್ಯವೂ, ಗೇಣಿ ಚೀಟಿಗಳೂ, ಎದುರು ಪಕ್ಷದ ನಿರಾಕರಣೆಯೂ ಅಲ್ಲಿಯೇ ಇರುವುದರಿಂದ ಹೇಳಿಕೆಯ ಸತ್ಯಾಸತ್ಯತೆಯನ್ನು ತೂಗಿನೋಡಲು ಅವಕಾಶವುಂಟು. ಪ್ರಶಸ್ತಿಶಾಸನಗಳಲ್ಲಿ ಈ ಅನುಕೂಲವಿಲ್ಲ.

ಆ ಕಡತಗಳನ್ನು ಇಂದಿನವರೆಗೆ ಹಕ್ಕಿನ ದಾಖಲೆಗಳೆಂದು ಮಾತ್ರ ನೋಡುತ್ತ ಬಂದಿರುವರು. ಹಕ್ಕು ಇತ್ಯರ್ಥವಾದ ಪ್ರಕರಣದ ಕಟ್ಟನ್ನು ಮತ್ತೆ ಬಿಚ್ಚುವವರಿಲ್ಲ. ಮಳವಳ್ಳಿಯ ಕೊಂಡಮಾನನಿಗೆ ಕಲ್ಲಿನಲ್ಲಿ ದೊರೆತುದು ಸೊರಬದ ಗೇಣಿದಾರನಿಗೆ ಈ ಕಟ್ಟಿನಲ್ಲಿ ದೊರೆತಿರುವುದು: ತನ್ನ ಹೆಸರು, ಹಿರಿಯನ ಹೆಸರು, ನಡುವೆ ಒಂದು ತುಂಡು ನೆಲ.